ಬೀಡಿಯ ಬಾಯಿ, ಗುಂಡಿನ ಮೂತಿ

ಊರಿನಿಂದ ಫೋನ್ ಮಾಡಿದವರು ಈಗ ಎಂತ ಕೆಲಸ ಎಂದು ಕೇಳಿದರೆ ಆಫೀಸಿನಲ್ಲಿ ಎಂದು ಹೇಳಿ ಮುಗಿಸುತ್ತಿದ್ದೆ. ಸುಳ್ಳೇನಲ್ಲ, ನನ್ನ ಗುರುತಿನ ಕಾರ್ಡಿನಲ್ಲಿ ಆಫೀಸ್ ಅಸಿಸ್ಟೆಂಟ್ ಎಂದೇ ಇತ್ತು. ಒಮ್ಮೆ ನಾದಿನಿಗೆ ಮಾತ್ರ ನಿಜ ಹೇಳಿದೆ. ರೈಫಲ್ ಗುಂಡುಗಳ ಮೂತಿ ಕತ್ತರಿಸಿ ಚೂಪು ಮಾಡುತ್ತೇನೆ ಎಂದಾಗ ಅವಳು 'ಯುದ್ಧಕ್ಕಾ?' ಎಂದು ಕೇಳಿದಳು. ಯುದ್ಧಕ್ಕಲ್ಲ ಮಾರಾಯ್ತಿ, ಆಟಕ್ಕೆ ಎಂದೆ. ಅದು ಅವಳ ಕಿವಿಗೆ ಇನ್ನೂ ಕೆಟ್ಟದಾಗಿ ಬಿದ್ದಿರಬೇಕು. ಗಂಡ ಸತ್ತು ವರ್ಷ ತುಂಬಿಲ್ಲ, ಇವಳು ಮರಳುಗಾಡಿನಲ್ಲಿ ಗುಂಡಿನ ಆಟ ಆಡುತ್ತಿದ್ದಾಳೆ ಎಂದು ಇಡೀ ಕುಟುಂಬಕ್ಕೆ ಸುದ್ದಿಯಾಯಿತು.

ಆಟ ಎಂದರೆ ಇಷ್ಟೇ. ದೋಹಾದ ಹೊರಗೆ ಒಂದು ಶೂಟಿಂಗ್ ಕ್ಲಬ್. ಅಲ್ಲಿ ನೆಲದ ಮೇಲೆ ಬೋರಲು ಮಲಗಿ, ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದೂರದಲ್ಲಿರುವ ಗುರಿಹಲಗೆಗೆ ಹೊಡೆಯುತ್ತಾರೆ. ಅಷ್ಟು ದೂರಕ್ಕೆ ಅಂಗಡಿಯಲ್ಲಿ ಸಿಗುವ ತೋಟಾವನ್ನು ನಂಬುವಂತಿಲ್ಲ. ಅವರವರ ಕೋವಿಗೆ ಹೊಂದುವಂತೆ ಕೈಯಲ್ಲೇ ತುಂಬುತ್ತಾರೆ. ತೋಟಾದ ತುದಿಯಲ್ಲಿ ಕೂರುವ ಗುಂಡಿಗೆ ತಾಮ್ರದ ಹೊದಿಕೆ, ಮೂತಿಯಲ್ಲಿ ಸೂಜಿ ತೂರುವಷ್ಟು ತೂತು. ಕಾರ್ಖಾನೆಯಲ್ಲಿ ತಾಮ್ರವನ್ನು ಒತ್ತಿ ಮೂತಿ ಮಾಡುವಾಗ ಆ ತೂತಿನ ಅಂಚು ಎಲ್ಲದರಲ್ಲೂ ಒಂದೇ ರೀತಿ ಬರುವುದಿಲ್ಲ. ಒಂದರಲ್ಲಿ ಓರೆ, ಇನ್ನೊಂದರಲ್ಲಿ ಹರಕು. ಗಾಳಿಯನ್ನು ಸೀಳಿಕೊಂಡು ಹೋಗುವಾಗ ಅಷ್ಟೇ ವ್ಯತ್ಯಾಸ ಸಾಕು, ಒಂದು ಗುಂಡು ಬೇಗ ಸೋಲುತ್ತದೆ, ಇನ್ನೊಂದು ತಡವಾಗಿ ಸೋಲುತ್ತದೆ.

ಅದಕ್ಕೆ ಗುಂಡನ್ನು ಮೊದಲು ಪುಟ್ಟ ಕೈಯಂತ್ರಕ್ಕೆ ಸಿಕ್ಕಿಸಿ, ಹಿಡಿ ತಿರುಗಿಸಿ, ಅಂಚನ್ನು ಸಮ ಮಾಡಬೇಕು. ಉಗುರಿನ ತುದಿಯಷ್ಟೂ ಇಲ್ಲದ ತಾಮ್ರದ ಪುಡಿ ಉದುರುತ್ತದೆ. ಆಮೇಲೆ ಒತ್ತುವ ಪ್ರೆಸ್ಸಿನಲ್ಲಿಟ್ಟು, ಮೇಲಿನ ಹಿಡಿಕೆಯನ್ನು ಇಳಿಸಿ, ಆ ತೂತನ್ನು ಇನ್ನೂ ಸಣ್ಣದು ಮಾಡಬೇಕು. ಕಡಿಮೆ ಒತ್ತಿದರೆ ಮಾಡಿದ್ದಕ್ಕೆ ಅರ್ಥವಿಲ್ಲ. ಹೆಚ್ಚು ಒತ್ತಿದರೆ ಮೂತಿಯ ಕೆಳಗೆ ಸಣ್ಣ ಉಬ್ಬು ಏಳುತ್ತದೆ, ಉಬ್ಬಿದ್ದು ಎಲ್ಲಿಗೆ ಹೋಗುತ್ತದೆ ಎಂದು ದೇವರಿಗೂ ಗೊತ್ತಿಲ್ಲ. ಮದ್ದು ತುಂಬುವುದು ಬೇರೆ ಕೋಣೆಯಲ್ಲಿ, ಅದರ ಬೀಗದ ಕೈ ನನ್ನ ಹತ್ತಿರ ಇರಲಿಲ್ಲ. ನನ್ನ ಮೇಜಿಗೆ ಬರುತ್ತಿದ್ದುದು ಬರೀ ಗುಂಡು.

ನಮ್ಮ ಮನೆಯವರು ದೋಹಾದಿಂದ ದೂರ, ರಾಸ್ ಲಫಾನಿನ ಗ್ಯಾಸ್ ಸ್ಥಾವರದಲ್ಲಿ ಒಂದು ಕಾಂಟ್ರಾಕ್ಟ್ ಕಂಪನಿಯ ಫೋರ್‌ಮನ್ ಆಗಿದ್ದರು. ವಾರವೆಲ್ಲ ಅಲ್ಲಿಯ ಕ್ಯಾಂಪಿನಲ್ಲೇ ವಾಸ. ಗುರುವಾರ ಸಂಜೆ ಕಂಪನಿ ಬಸ್ಸಿನಲ್ಲಿ ದೋಹಾದೊಳಗಿನ ಬಿನ್ ಮಹಮೂದಿನ ನಮ್ಮ ಫ್ಲಾಟಿಗೆ ಬಂದರೆ ಶನಿವಾರ ಮತ್ತೆ ಹೊರಡುತ್ತಿದ್ದರು. ಮದುವೆಯಾಗಿ ಬಂದಾಗಿನಿಂದಲೂ ಹಾಗೆಯೇ. ಒಂದು ಬೆಳಿಗ್ಗೆ ಕ್ಯಾಂಪಿನಲ್ಲಿ ಮಲಗಿದ್ದವರು ಏಳಲಿಲ್ಲ. ಹೃದಯ ಎಂದರು. ದೇಹದ ಜೊತೆಗೇ ನಾನೂ ಮಗಳೂ ಊರಿಗೆ ಹೋದೆವು, ಉತ್ತರಕ್ರಿಯೆಯ ಬೊಜ್ಜ ಮುಗಿಸಿದೆವು, ಅವಳ ಶಾಲೆ ಇದೆಯೆಂದು ವಾಪಸು ಬಂದೆವು. ಇದಿಷ್ಟನ್ನೂ ಹೇಳುವಾಗ ನನಗೆ ಆಗಲೂ ಏನೂ ಆಗುತ್ತಿರಲಿಲ್ಲ. ಬಸ್ಸಿನ ಸಮಯ ಹೇಳಿದ ಹಾಗೆ ಹೇಳಿ ಮುಗಿಸುತ್ತಿದ್ದೆ.

ನಾನು ಅಳಲಿಲ್ಲ. ಇದು ಊರಿನಲ್ಲೂ ಚರ್ಚೆಯಾಯಿತು, ದೋಹಾದಲ್ಲೂ ಆಯಿತು. ಬಿನ್ ಮಹಮೂದಿನ ನೆರೆಹೊರೆಯ ಹೆಂಗಸರು ಬಿಸ್ಕೆಟ್ ಪ್ಯಾಕೆಟ್ ಹಿಡಿದುಕೊಂಡು ಬಂದು ಸೋಫಾದ ತುದಿಯಲ್ಲಿ ಕೂತು ಕಾಯುತ್ತಿದ್ದರು. ನಾನು ಚಹಾ ಮಾಡಿ ಕೊಡುತ್ತಿದ್ದೆ. ಅವರೇ ಸ್ವಲ್ಪ ಅತ್ತು, ಚಹಾ ಕುಡಿದು, ಎದ್ದು ಹೋಗುತ್ತಿದ್ದರು. ಒಬ್ಬಾಕೆ ಬಾಗಿಲ ಬಳಿ ನನ್ನ ಬೆನ್ನು ಸವರಿ, 'ಒಳಗೆ ಇಟ್ಕೊಳ್ಬೇಡಿ, ಒಮ್ಮೆ ಅತ್ತುಬಿಡಿ' ಎಂದರು. ಅದೇನು ಕಫವೇ, ಕೆಮ್ಮಿ ಉಗಿಯಲು? ಸಿಟ್ಟು ಬಂತು. ಆ ದಿನಗಳಲ್ಲಿ ನನಗೆ ಬರುತ್ತಿದ್ದುದು ಅದೊಂದೇ, ಅದೂ ಅರ್ಧ ಗಂಟೆ ಇದ್ದು ಹೋಗುತ್ತಿತ್ತು. ಉಳಿದ ಸಮಯವೆಲ್ಲ, ತುಂಬ ಹೊತ್ತು ಮಡಚಿ ಕೂತು ಜೋಮು ಹಿಡಿದ ಕಾಲಿನ ಹಾಗೆ ಇದ್ದೆ. ಇದೆ ಎಂದು ಗೊತ್ತು, ನನ್ನದೇ ಎಂದು ಅನ್ನಿಸುವುದಿಲ್ಲ.

ಚಿಂತೆ ಮಾತ್ರ ಒಂದಿತ್ತು. ನಮ್ಮ ವೀಸಾ ಅವರ ಹೆಸರಿನ ಜೊತೆಗಿತ್ತು, ಹೆಸರೇ ಹೋದ ಮೇಲೆ ನಾವೂ ಹೊರಡಬೇಕು. ಮಗಳು ಹನ್ನೆರಡನೆಯ ತರಗತಿಯಲ್ಲಿದ್ದಳು. ಮಾರ್ಚಿನ ಪರೀಕ್ಷೆ ಮುಗಿಯುವವರೆಗೆ ಹೇಗಾದರೂ ಅವಳನ್ನು ಇಲ್ಲಿ ಉಳಿಸಿಕೊಳ್ಳಬೇಕು, ಅಪ್ಪನ ಜೊತೆ ಶಾಲೆಯೂ ಹೋಯಿತು ಎಂದಾಗಬಾರದು. ನನ್ನ ತಲೆಯಲ್ಲಿ ಅಲ್ಲಾಡುತ್ತಿದ್ದ ಒಂದೇ ವಸ್ತು ಅದು. ಮನೆಯವರ ಸ್ನೇಹಿತರೊಬ್ಬರು ಆ ಕ್ಲಬ್ಬಿಗೆ ಎಸಿ ರಿಪೇರಿಗೆ ಹೋಗುತ್ತಿದ್ದರು. ಅಲ್ಲೊಬ್ಬ ಕತಾರಿ ಮೇಡಂ ಇದ್ದಾರೆ, ಒಳ್ಳೆಯ ಶೂಟರ್, ಕ್ಲಬ್ಬಿನಲ್ಲಿ ಅವರ ಮಾತು ನಡೆಯುತ್ತದೆ, ಒಂದು ಸಲ ಬಂದು ನೋಡಿ ಎಂದರು.

ಮೇಡಂ ನನಗಿಂತ ಚಿಕ್ಕವರು, ಮೂವತ್ತರ ಆಸುಪಾಸು. ನನ್ನನ್ನು ಸಿಸ್ಟರ್ ಎಂದು ಕರೆದರು. ಬಿ.ಕಾಂ. ಸರ್ಟಿಫಿಕೇಟನ್ನು ಪಕ್ಕಕ್ಕಿಟ್ಟು, ಕೈ ತೋರಿಸಿ ಎಂದರು. ಪಕ್ಕದಲ್ಲಿ ನಿಂತಿದ್ದವರು ಕ್ಲಬ್ಬಿನ ಕೋವಿಗಳನ್ನು ನೋಡಿಕೊಳ್ಳುವ ಮುದುಕರು. ಪಾಕಿಸ್ತಾನದ ಸೈನ್ಯದಲ್ಲಿ ಕೋವಿ ರಿಪೇರಿ ಮಾಡುತ್ತಿದ್ದು ನಿವೃತ್ತರಾದವರು, ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಮೂತಿ ಕತ್ತರಿಸುವ ಕೆಲಸಕ್ಕೆ ಹಿಂದೆ ಬಂದವರು ಬೇಸರಕ್ಕೇ ಬಿಟ್ಟು ಹೋಗಿದ್ದರಂತೆ. 'ಬೆಹನ್, ಒಂದೇ ಕೆಲಸ. ಬೆಳಿಗ್ಗೆಯಿಂದ ಸಂಜೆವರೆಗೆ ಅದೇ. ತಲೆ ಕೆಡುತ್ತದೆ' ಎಂದರು ಹಿಂದಿಯಲ್ಲಿ. ಕೆಡಲು ಏನೂ ಉಳಿದಿಲ್ಲ ಎಂದು ನಾನು ಹೇಳಲಿಲ್ಲ. ಒಂದು ಗುಂಡು ತೆಗೆದುಕೊಂಡು, ಅವರು ತೋರಿಸಿದ ಹಾಗೆ ಸಿಕ್ಕಿಸಿ, ತಿರುಗಿಸಿ, ಒತ್ತಿ, ಕೊಟ್ಟೆ. ಅವರು ಭೂತಗನ್ನಡಿ ಹಿಡಿದು ನೋಡಿದರು. ಎಲ್ಲಿ ಕಲಿತಿರಿ ಎಂದು ಕೇಳಿದರು.

ಎಲ್ಲಿ ಕಲಿಯುವುದು? ನಾನು ಬೀಡಿ ಕಟ್ಟಿ ಡಿಗ್ರಿ ಮಾಡಿದವಳು. ನಮ್ಮ ಕಡೆ ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯವರು, ಎಲ್ಲರ ಮಡಿಲಲ್ಲೂ ಎಲೆ ಮತ್ತು ಹೊಗೆಸೊಪ್ಪಿನ ತಟ್ಟೆ. ಎಲೆಯನ್ನು ಅಳತೆಗೆ ಕತ್ತರಿಸಿ, ಹೊಗೆಸೊಪ್ಪು ಹಾಕಿ ಸುರುಳಿ ಸುತ್ತಿ, ತುದಿಯ ಅಂಚನ್ನು ಉಗುರಿನಿಂದ ಒಳಕ್ಕೆ ಮಡಚಿ ಬಾಯಿ ಮುಚ್ಚಿ, ಕೆಳಗೆ ನೂಲು ಸುತ್ತಬೇಕು. ಬಾಯಿ ಮುಚ್ಚುವುದರಲ್ಲೇ ಕೈಚಳಕ. ಹೆಚ್ಚು ಒತ್ತಿದರೆ ಎಲೆ ಬಿರಿಯುತ್ತದೆ, ಕಡಿಮೆಯಾದರೆ ಹೊಗೆಸೊಪ್ಪು ಉದುರುತ್ತದೆ. ಕಣ್ಣು ಟಿವಿಯ ಮೇಲಿದ್ದರೂ ಬೆರಳು ತಪ್ಪುತ್ತಿರಲಿಲ್ಲ. ಉಸ್ತಾದರಿಗೆ ಬೀಡಿ ಎಂದೊಡನೆ ಮುಖ ಅರಳಿತು. ಅವರ ತಂದೆ ಸೇದುತ್ತಿದ್ದರಂತೆ.

ಮೇಡಂ ಒಂದು ಮಾತು ಹೇಳಿದ್ದರಿಂದ ನನಗೆ ಕೆಲಸವಾಯಿತು, ಮಗಳ ಹೆಸರೂ ನನ್ನ ವೀಸಾದ ಜೊತೆ ಸೇರಿತು. ಮನೆಗೆ ಬಂದು ಅವಳಿಗೆ ಹೇಳಿದಾಗ ಅವಳು ಓಕೆ ಎಂದಳು. ಇಂಗ್ಲಿಷ್ ಮೀಡಿಯಂ ಮಕ್ಕಳು ಎಲ್ಲದಕ್ಕೂ ಓಕೆ ಎನ್ನುತ್ತವೆ, ನಾನು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಆ ಕೆಲಸ ನನಗೆ ಹಿಡಿಸಿತು. ಖುಷಿಯಾಯಿತು ಎಂದಲ್ಲ, ಖುಷಿಯ ವಿಚಾರ ಬೇರೆ. ಬೆಳಿಗ್ಗೆ ಕ್ಲಬ್ಬಿನ ವ್ಯಾನು ಬರುತ್ತಿತ್ತು. ಕಿಟಕಿಯಿಲ್ಲದ ತಂಪು ಕೋಣೆ, ಬಿಳಿ ದೀಪ, ಒಂದು ಮೇಜು. ತಿರುಗಿಸು, ತೆಗೆ, ಒತ್ತು, ತೆಗೆ, ನೋಡು, ಇಡು. ಯಾರೂ ನನ್ನ ಬೆನ್ನು ಸವರುತ್ತಿರಲಿಲ್ಲ. ಉಸ್ತಾದರು ಮಧ್ಯಾಹ್ನ ನಮಾಜಿಗೆ ಹೋಗುವಾಗ ಬಾಗಿಲ ಹತ್ತಿರ ಕೆಮ್ಮುತ್ತಿದ್ದರು, ಊಟದ ಹೊತ್ತಾಯಿತು ಎಂದು ಅದರ ಅರ್ಥ. ಸಂಜೆ ಕೈ ತೊಳೆದರೆ ಬೆರಳಿನ ಗೆರೆಗಳಿಂದ ತಾಮ್ರ ಮಿನುಗುತ್ತಾ ಇಳಿಯುತ್ತಿತ್ತು. ಒಂದು ದಿನ ಹೇಗೆ ಕಳೆಯಿತೆಂದು ತಿಳಿಯದ ಹಾಗೆ ಕಳೆಯುವುದೇ ಆಗ ನನಗೆ ದೊಡ್ಡ ಉಪಕಾರವಾಗಿತ್ತು.

ಮುಗಿಸಿದ ಗುಂಡುಗಳನ್ನು ತೂತುಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದೆ. ಅದೇ ಸಾಲಿನಲ್ಲಿ ಉಸ್ತಾದರು ಒಂದೊಂದಾಗಿ ತೆಗೆದು ತೋಟಾಕ್ಕೆ ಕೂರಿಸಿ, ಅದೇ ಕ್ರಮದಲ್ಲಿ ಮೇಡಂನ ಪೆಟ್ಟಿಗೆಗೆ ಹಾಕುತ್ತಿದ್ದರು. ಕೆಟ್ಟದ್ದನ್ನು ಹಾಕಲು ನನ್ನ ಬಲಗಡೆ ಒಂದು ಖಾಲಿ ಹಾಲಿನ ಪುಡಿ ಡಬ್ಬಿ ಇಟ್ಟಿದ್ದರು. ಅದು ಹೆಚ್ಚುಕಡಿಮೆ ಖಾಲಿಯಾಗಿಯೇ ಇರುತ್ತಿತ್ತು. ಉಸ್ತಾದರು ಅದನ್ನು ಅಲ್ಲಾಡಿಸಿ ನೋಡಿ, 'ಮಾಶಾ ಅಲ್ಲಾಹ್, ಬೆಹನ್ ಕೈಯಲ್ಲಿ ಹಾಳಾಗುವುದೇ ಇಲ್ಲ' ಎನ್ನುತ್ತಿದ್ದರು, ನನ್ನ ಗುಂಡಿನ ಮೂತಿಯನ್ನು ಮತ್ತೆ ಪರೀಕ್ಷಿಸುವುದನ್ನೇ ಬಿಟ್ಟಿದ್ದರು.

ಚಳಿಗಾಲದಲ್ಲಿ ಕ್ಲಬ್ಬಿನಲ್ಲೇ ಒಂದು ಪಂದ್ಯ ನಡೆಯಿತು. ಅಕ್ಕಪಕ್ಕದ ದೇಶಗಳಿಂದಲೂ ಬಂದಿದ್ದರು. ಮೇಡಂ ಅದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದರು. ಅತಿಥಿಗಳಿಗೆ ನೀರು, ಅರಬ್ಬಿ ಕಾಫಿ ಖಹ್ವಾ ಕೊಡಲು ನನ್ನನ್ನೂ ಹೊರಗೆ ಕರೆದಿದ್ದರು, ಹಾಗಾಗಿ ನನ್ನ ಗುಂಡುಗಳು ಹೋಗುವುದನ್ನು ಮೊದಲ ಸಲ ನೋಡಿದೆ. ನೋಡಲು ಅಂಥದ್ದೇನೂ ಇಲ್ಲ. ಒಂದು ಸದ್ದು, ಆಮೇಲೆ ಪರದೆಯ ಮೇಲೆ ಒಂದು ಚುಕ್ಕೆ. ಮೇಡಂನ ಚುಕ್ಕೆಗಳು ನಡುವಿನ ವೃತ್ತದಲ್ಲೇ ಒಂದರ ಮೇಲೊಂದು ಬೀಳುತ್ತಿದ್ದವು. ಉಸ್ತಾದರು ನನ್ನ ಕಡೆ ತಿರುಗಿ ತಲೆಯಾಡಿಸಿದರು. ಆಗ ಒಂದು ಚುಕ್ಕೆ ಕೆಳಗೆ ಬಿತ್ತು. ಗಾಳಿ ಎಂದುಕೊಂಡೆವು. ಎರಡು ಸರಿಯಾಗಿ ಬಿದ್ದು ಮತ್ತೊಂದು ಇನ್ನೂ ಕೆಳಗೆ, ಎಡಕ್ಕೆ. ಮೇಡಂ ತಲೆ ಎತ್ತಿ ಗಾಳಿಯ ದಿಕ್ಕು ತೋರಿಸುವ ಪುಟ್ಟ ಬಾವುಟಗಳನ್ನು ನೋಡಿದರು. ಅವು ಅಲ್ಲಾಡುತ್ತಿರಲಿಲ್ಲ. ಮತ್ತೆ ಮಲಗಿದರು. ಕೊನೆಗೆ ಹೊಡೆದವೆಲ್ಲ ಮತ್ತೆ ನಡುವಿಗೇ ಬಿದ್ದವು, ಆದರೆ ಆಗಬೇಕಾದ ನಷ್ಟ ಆಗಿಹೋಗಿತ್ತು. ಬಹುಮಾನ ಸೌದಿಯ ಹೆಂಗಸಿಗೆ ಹೋಯಿತು.

ಖಹ್ವಾದ ಲೋಟಗಳನ್ನು ತೊಳೆಯುತ್ತಿರುವಾಗ ಉಸ್ತಾದರು ಬಂದು, ಮೇಡಂ ಕರೆಯುತ್ತಿದ್ದಾರೆ ಎಂದರು. ನನ್ನ ಮೇಜಿನ ಮೇಲೆ ಮುಂದಿನ ವಾರಕ್ಕೆಂದು ಜೋಡಿಸಿಟ್ಟಿದ್ದ ತಟ್ಟೆಯಿತ್ತು. ಭೂತಗನ್ನಡಿ ಅದರ ಪಕ್ಕದಲ್ಲಿತ್ತು. ಉಸ್ತಾದರು ಸುತ್ತಲಿನ ಸಾಲುಗಳನ್ನು ಬಿಟ್ಟು ನಡುವಿನಿಂದ ಒಂದು ಗುಂಡು ತೆಗೆದು ನನ್ನ ಅಂಗೈಯಲ್ಲಿಟ್ಟರು. ಮೂತಿಯ ಕೆಳಗೆ ಸಣ್ಣ ಉಬ್ಬು. ಇನ್ನೊಂದು ತೆಗೆದರು. ಅಂಚು ಓರೆ. ಸುತ್ತಲಿನವು ಅಚ್ಚಿನಲ್ಲಿ ತೆಗೆದ ಹಾಗೆ ಇದ್ದವು, ನಡುವೆ ಮಾತ್ರ ಅಲ್ಲೊಂದು ಇಲ್ಲೊಂದು ಇಂಥವು.

ನಾನು ನೋಡುತ್ತಾ ನಿಂತೆ. ಯಾರೋ ಬೇರೆಯವರು ಜೋಡಿಸಿದ ತಟ್ಟೆಯ ಹಾಗೆ ಕಂಡಿತು. ಆಮೇಲೆ ಹೊಳೆಯಿತು. ಬೀಡಿಯ ಕಟ್ಟು ಮಾಡುವಾಗ ನಾವು ಚೆಂದದ್ದನ್ನೆಲ್ಲ ಸುತ್ತ ಹೊರಗಡೆ ಇಟ್ಟು, ಸ್ವಲ್ಪ ಸೊಟ್ಟಗಾದದ್ದನ್ನು ನಡುವಿಗೆ ತೂರಿಸುತ್ತೇವೆ. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಬೀಡಿ ನೋಡಿ ತೆಗೆದುಕೊಳ್ಳುವವನ ಕಣ್ಣು ಮೊದಲು ಹೊರಸುತ್ತಿಗೆ ಹೋಗುತ್ತದೆ. ಅವನು ಎಸೆದರೆ ಎಲೆಯ ದುಡ್ಡನ್ನು ನಮ್ಮ ಕೂಲಿಯಲ್ಲಿ ಮುರಿದುಕೊಳ್ಳುತ್ತಾರೆ. ಅದು ಮೋಸ ಎಂದು ನಮ್ಮಲ್ಲಿ ಯಾರೂ ತಿಳಿದಿರಲಿಲ್ಲ, ಅದು ಕಟ್ಟು ಮಾಡುವ ರೀತಿ, ಅಮ್ಮ ಮಗಳಿಗೆ ಕಲಿಸುವುದೇ ಹಾಗೆ. ಇಲ್ಲಿ ಆ ಕಿಟಕಿಯಿಲ್ಲದ ಕೋಣೆಯಲ್ಲಿ ನನ್ನ ತಲೆ ಎಲ್ಲೋ ಇದ್ದಾಗ ಕೈಗಳು ಅವಕ್ಕೆ ಗೊತ್ತಿದ್ದದ್ದನ್ನು ಮಾಡಿಕೊಂಡು ಹೋಗಿದ್ದವು.

ನನ್ನ ಇಂಗ್ಲಿಷಿನಲ್ಲಿ ಇದನ್ನು ಹೇಳಿದೆ. ಮೇಡಂಗೆ ಬೀಡಿ ಎಂದರೆ ಗೊತ್ತಿಲ್ಲ. ಉಸ್ತಾದರು ಅರಬ್ಬಿಯಲ್ಲಿ ವಿವರಿಸಿದರು, ಎರಡು ಬೆರಳನ್ನು ತುಟಿಗಿಟ್ಟು ಸೇದಿ ತೋರಿಸಿದರು. ಮಾತಾಡುತ್ತಿದ್ದುದು ನಾನೇ ಆದರೂ ನನ್ನ ಲೆಕ್ಕಾಚಾರ ಬೇರೆ ಕಡೆ ನಡೆದಿತ್ತು. ಈಗ ಕೆಲಸ ಹೋಗುತ್ತದೆ, ವೀಸಾ ಹೋಗುತ್ತದೆ, ಮಾರ್ಚಿಗೆ ಇನ್ನೂ ಸಮಯವಿದೆ, ಮಗಳನ್ನು ಯಾರ ಮನೆಯಲ್ಲಿ ಬಿಡಲಿ? ಇದನ್ನೂ ಹೆದರದೆ ಯೋಚಿಸಿದೆ. ಹೆದರಲು ಬೇಕಾದದ್ದು ಒಳಗೆ ಎಲ್ಲೋ ಮರಗಟ್ಟಿತ್ತು.

ಮೇಡಂ ಕುರ್ಚಿ ಎಳೆದು ಕೂತರು. 'ಅಲ್ಲಿ ಎಸೆದರೆ ನಷ್ಟ ಯಾರಿಗೆ, ಸಿಸ್ಟರ್?'

'ಕಟ್ಟಿದವರಿಗೆ, ಮೇಡಂ.'

'ಇಲ್ಲಿ ನಷ್ಟ ನನಗೆ. ನೀವು ಎಸೆಯದಿದ್ದರೆ ನಾನು ಸೋಲುತ್ತೇನೆ.' ನಡುವಿನ ಗುಂಡುಗಳನ್ನು ಒಂದೊಂದಾಗಿ ತೆಗೆದು ತಾವೇ ಡಬ್ಬಿಗೆ ಹಾಕಿದರು. ಅವರಿಗೂ ಸಿಟ್ಟಿತ್ತು, ಗುಂಡು ಬೀಳುವ ಸದ್ದಿನಲ್ಲೇ ಗೊತ್ತಾಗುತ್ತಿತ್ತು. 'ಖಲಾಸ್. ಕೆಟ್ಟದ್ದು ಕೆಟ್ಟದ್ದು. ಯಾರಿಂದಲೂ ಮುಚ್ಚಿಡುವ ಅಗತ್ಯ ಇಲ್ಲ. ನಾಳೆ ಬನ್ನಿ.' ಬಾಗಿಲ ಬಳಿ ಹೋದವರು ತಿರುಗಿ, 'ಮಗಳ ಪರೀಕ್ಷೆ ಮಾರ್ಚಿನಲ್ಲಿ ಅಲ್ಲವಾ? ಅದು ಮುಗಿಯಲಿ. ಆಮೇಲೂ ಇರಿ. ಕಾಗದಪತ್ರ ನಾನು ಮಾಡಿಸುತ್ತೇನೆ' ಎಂದರು.

ವ್ಯಾನಿನಲ್ಲಿ ಮನೆಗೆ ಬರುವಾಗ ನನಗೆ ಸಮಾಧಾನವಾಗಬೇಕಿತ್ತು. ಆಯಿತು ಎಂದೇ ಅಂದುಕೊಂಡೆ. ಮಗಳು ಅಡುಗೆಮನೆಯಲ್ಲಿ ಶಾಲೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಮನೆಯಲ್ಲಿ ನಮ್ಮದು ತುಳು. ಅವಳ ತುಳುವಿನ ತುಂಬ ಇಂಗ್ಲಿಷ್ ಇರುತ್ತದೆ, ಅದನ್ನು ಕಳೆದು ಬರೆಯುತ್ತಿದ್ದೇನೆ. ನಡೆದದ್ದನ್ನೆಲ್ಲ ಹೇಳಿ, ಕೆಲಸ ಹೋಗುತ್ತಿತ್ತು, ಹೇಗೋ ಉಳಿಯಿತು, ನಿನ್ನ ಪರೀಕ್ಷೆಗೆ ತೊಂದರೆಯಿಲ್ಲ ಎಂದೆ. ಅವಳು ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು.

'ಹೋಗಿದ್ರೆ ಒಳ್ಳೆದಿತ್ತು' ಎಂದಳು.

ನನ್ನ ಅರ್ಧ ಗಂಟೆಯ ಸಿಟ್ಟು ಬಂತು. 'ನಾನು ಇಷ್ಟೆಲ್ಲ ಮಾಡುದು ಯಾರಿಗೋಸ್ಕರ? ಬೆಳಿಗ್ಗೆಯಿಂದ ಸಂಜೆವರೆಗೆ ಆ ಕೋಣೆಯಲ್ಲಿ ಕೂತು ಕೈ ಸವೆಸುದು ಯಾರಿಗೆ?'

'ನಾನು ಕೇಳಿದ್ದೇನಾ ಅಮ್ಮ? ಊರಿಗೆ ಹೋಗುವನಾ, ಇಲ್ಲಿ ಇರುವನಾ ಅಂತ ನೀನು ಒಂದು ಸಲ ನನ್ನನ್ನು ಕೇಳಿದ್ದಿಯಾ? ಪರೀಕ್ಷೆ ಬರಿಲಿಕ್ಕೆ ಆದ್ರೆ ಬರಿತೇನೆ. ಆಗದಿದ್ರೆ ಬರುವ ವರ್ಷ ಊರಲ್ಲಿ ಬರಿತೇನೆ. ಇಲ್ಲಿ ಇರ್ಬೇಕಾದ್ದು ನಿನಗೆ.'

ಅವಳು ಹೇಳಿದ್ದು ನಿಜ. ಮಾರ್ಚ್, ವೀಸಾ, ಶಾಲೆ ಎಂದು ನಾನು ಹಿಡಿದುಕೊಂಡು ಓಡಾಡಿದ್ದೆಲ್ಲ ನನಗಾಗಿ. ಊರಿನಲ್ಲಿ ಅವರ ಫೋಟೋ ಗೋಡೆಯ ಮೇಲಿದೆ, ಅದಕ್ಕೆ ಹಾರ ಇದೆ, ಅತ್ತೆಯ ಮನೆಯ ಹಿಂದಿನ ಜಾಗದಲ್ಲಿ ಅವರನ್ನು ಸುಟ್ಟದ್ದನ್ನು ನಾನು ಅಂಗಳದಲ್ಲಿ ನಿಂತು ನೋಡಿದ್ದೇನೆ. ಅಲ್ಲಿ ಅವರು ಸತ್ತಿದ್ದಾರೆ. ಇಲ್ಲಿ ಅವರು ವಾರದಲ್ಲಿ ಐದು ದಿನ ಮನೆಯಲ್ಲಿ ಇಲ್ಲದವರು. ಇಷ್ಟು ವರ್ಷ ಇಲ್ಲದೆಯೇ ಇದ್ದವರು ಈಗಲೂ ಇಲ್ಲ, ಅದರಲ್ಲಿ ವಿಶೇಷವೇನು?

ನಾನು ಸ್ಟೂಲಿನ ಮೇಲೆ ಕೂತೆ. 'ಇಲ್ಲಿದ್ರೆ ನನಗೆ ಅಪ್ಪ ಡ್ಯೂಟಿಗೆ ಹೋಗಿದ್ದಾರೆ ಅಂತ ಆಗ್ತದೆ' ಎಂದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅವಳು ಅಂಗಿಯನ್ನು ಮಡಚಿದಳು. 'ನಂಗೂ ಹಾಗೇ ಆಗ್ತದೆ. ಗುರುವಾರ ಸಂಜೆ ಲಿಫ್ಟಿನ ಸದ್ದು ಕೇಳಿದ್ರೆ ಬಾಗಿಲು ನೋಡ್ತೇನೆ. ಅದಕ್ಕೇ ಹೋಗುವ ಅಂತ ಹೇಳುದು, ಅಮ್ಮ.'

ಅವಳಿಗೆ ಹದಿನೇಳು. ನನಗಿಂತ ಧೈರ್ಯ ಇತ್ತು. ನನಗೆ ನಾಚಿಕೆಯಾಯಿತು, ಅವಳ ಮೇಲೆ ಪ್ರೀತಿಯೂ ಉಕ್ಕಿತು. ಆ ಎರಡೂ ಎಷ್ಟೋ ತಿಂಗಳ ಮೇಲೆ ಬಂದದ್ದರಿಂದ ಯಾವುದು ಯಾವುದೆಂದು ಕೂಡಲೇ ಗೊತ್ತಾಗಲಿಲ್ಲ. ಪರೀಕ್ಷೆ ಬರೆದೇ ಹೋಗುವ, ಮುಗಿದ ಮಾರನೆಯ ದಿನವೇ ಹೊರಡುವ ಎಂದು ನಿಶ್ಚಯವಾಯಿತು. ಉಸ್ತಾದರಿಗೆ ಹೇಳಿದಾಗ ಅವರು ಯಾಕೆ ಎಂದು ಕೇಳಲಿಲ್ಲ. ಮೇಡಂ ಕೇಳಿದರು. ಮನೆಗೆ ಹೋಗಬೇಕು ಎಂದೆ, ಅವರು ನನ್ನ ಮುಖ ನೋಡಿ ತಲೆಯಾಡಿಸಿದರು. ಅಲ್ಲಿಯವರೆಗೆ ದಿನಾ ಡಬ್ಬಿ ತುಂಬುವಷ್ಟು ಎಸೆದೆ.

ಫೆಬ್ರವರಿಯ ಒಂದು ಶುಕ್ರವಾರ ಅಲ್ ಸದ್ ಬಡಾವಣೆಯ ಟ್ರಾವೆಲ್ಸ್ ಅಂಗಡಿಗೆ ಹೋದೆವು. ಮಂಗಳೂರಿಗೆ ಟಿಕೆಟ್ ಎಂದೆ. ಕೌಂಟರಿನಲ್ಲಿದ್ದ ಮಲಯಾಳಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಎಷ್ಟು ಜನ ಎಂದು ಕೇಳಿದ.

'ಮೂರು' ಎಂದೆ.

ಅವನು ಬೆರಳು ಆಡಿಸತೊಡಗಿದ. ನಾನು ಪಾಸ್‌ಪೋರ್ಟ್‌ಗಳನ್ನು ಕೌಂಟರಿನ ಮೇಲಿಟ್ಟು, ಕೈಚೀಲದಲ್ಲಿ ಮೂರನೆಯದಕ್ಕೆ ತಡಕಾಡುತ್ತಿದ್ದೆ. ಮಗಳು ನನ್ನ ಕೈಯನ್ನು ಚೀಲದಿಂದ ಹೊರಗೆ ತೆಗೆದು ಹಿಡಿದುಕೊಂಡಳು.

'ಎರಡು' ಎಂದಳು ಅವನಿಗೆ.